ಮಾವ ಅಳಿಸಿದ ಮೂರು ಸಾಲು

ನಮ್ಮ ಮಾವನ ರಿಪೇರಿ ಅಂಗಡಿಯ ಗೋಡೆಯಲ್ಲಿ ಒಂದೇ ಒಂದು ಫ್ರೇಮು ಇದೆ. ಅದರೊಳಗೆ ಮದುವೆಯ ಫೋಟೋನೂ ಇಲ್ಲ, ತೀರಿಕೊಂಡವರ ಫೋಟೋನೂ ಇಲ್ಲ. ಒಂದು ಹಾಳೆ ಕಾಗದ, ಅದರ ಮೇಲೆ ಇಪ್ಪತ್ತು ಮೂವತ್ತು ಸಾಲು ಇಂಗ್ಲಿಷು, ಅಷ್ಟೆ. ರೇಡಿಯೊ ತಂದವರು, ಹಳೇ ಟೆಲಿಫೋನ್ ತಂದವರು ಕಾಯುತ್ತಾ ನಿಂತಾಗ ಅದನ್ನು ನೋಡಿ "ಇದೇನ್ರೀ, ಲೈಸೆನ್ಸಾ?" ಅಂತ ಕೇಳುತ್ತಾರೆ. ಮಾವ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ "ಹ್ಞೂಂ" ಅನ್ನುತ್ತಾರೆ. ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ಲೈಸೆನ್ಸೂ ಅಲ್ಲ, ಮಣ್ಣೂ ಅಲ್ಲ. ಎಲ್ಲರ ಮನೆ ಗಂಡಸರು ಹಳೇ ಪ್ಯಾಂಟಿಗೆ ತೇಪೆ ಹಾಕಿಸ್ತಾರೆ. ನಮ್ಮವರು ಕಂಪ್ಯೂಟರಿಗೆ ಹಾಕಿದ್ರು. ಅದರ ರಶೀದಿ."

ಮಾವ ಅಂದರೆ ನಮ್ಮಮ್ಮನ ತಮ್ಮ. ಮೂವತ್ತೆರಡು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವರು, ಕಂಬ ಹತ್ತಿ ತಂತಿ ಜೋಡಿಸುತ್ತಿದ್ದವರು. ನನ್ನ ಹೊಟ್ಟೆಪಾಡು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳೋದು; ನನ್ನ ಹುಚ್ಚು ಕರ್ನೆಲ್ಲು. ಕರ್ನೆಲ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಉಳಿದೆಲ್ಲ ಪ್ರೋಗ್ರಾಮುಗಳಿಗೆ ಕೆಲಸ ಹಂಚುವ ಯಜಮಾನ ಪ್ರೋಗ್ರಾಮು. ನಾನು ಹೇಳುತ್ತಿರೋ ಈ ಕರ್ನೆಲ್ಲನ್ನು ಯಾವುದೋ ಒಂದು ಕಂಪನಿ ಬರೆಯೋದಿಲ್ಲ. ದೇಶದೇಶಗಳಲ್ಲಿ ಕೂತ ಸಾವಿರಾರು ಜನ ಬರೆಯುತ್ತಾರೆ. ಯಾರಾದರೂ ಒಂದು ತಿದ್ದುಪಡಿ, ಅಂದರೆ ಪ್ಯಾಚು, ಬರೆದು ಎಲ್ಲರೂ ಓದುವ ಮೇಲ್ ಪಟ್ಟಿಗೆ ಕಳಿಸುತ್ತಾರೆ. ಆ ಭಾಗ ಬಲ್ಲವರು ಅದನ್ನು ಸಾಲುಸಾಲಾಗಿ ಓದಿ, ಹುಳುಕು ತೆಗೆದು, ಕೊನೆಗೆ ಸರಿ ಅನ್ನಿಸಿದರೆ ಕೆಳಗೆ 'ರಿವ್ಯೂಡ್-ಬೈ' ಅಂತ ತಮ್ಮ ಹೆಸರು ಹಾಕುತ್ತಾರೆ. ಒಂದು ಸಲ ಒಳಗೆ ಹೋಯಿತೆಂದರೆ ಬರೆದವರ ಹೆಸರೂ ಓದಿದವರ ಹೆಸರೂ ಅಲ್ಲೇ ಉಳಿಯುತ್ತವೆ. ಅಳಿಸೋ ಹಾಗಿಲ್ಲ.

ಅದರ ನೆಟ್‌ವರ್ಕ್ ಭಾಗದಲ್ಲಿ ಒಂದು ಸಣ್ಣ ಮೂಲೆ ನನ್ನದು: ಕಂಪ್ಯೂಟರಿಗೆ ಸಿಕ್ಕಿಸಿದರೆ ಟೆಲಿಫೋನ್ ತಂತಿಯ ಮೇಲೆ ನಿಧಾನಕ್ಕೆ ಮಾತಾಡುವ ಹಳೇ ಕಾರ್ಡುಗಳು. ನನ್ನನ್ನು ಅಲ್ಲಿಗೆ ತಂದದ್ದೇ ಮಾವ. ತಂತಿ ಅವರಿಗೆ ಗೊತ್ತಿತ್ತು, ಪ್ರೋಗ್ರಾಮು ನನಗೆ ಅಷ್ಟಿಷ್ಟು ಗೊತ್ತಿತ್ತು. ಇಬ್ಬರೂ ಗ್ರಂಥಾಲಯದ ಪುಸ್ತಕ ಇಟ್ಟುಕೊಂಡು, ಜಗಳ ಆಡಿಕೊಂಡು ಕಲಿತೆವು. ಒಂಬತ್ತು ವರ್ಷದ ಹಿಂದೆ ಮಾವ ತಾವೇ ಒಂದು ಪ್ಯಾಚು ಬರೆದರು. ಅದೇ ಮೊದಲು, ಅದೇ ಕೊನೆ. ಆಮೇಲೆ ಎಷ್ಟು ಹೇಳಿದರೂ "ಒಂದು ಸಾಕು ಕಣೇ ಪುಟ್ಟಿ, ನಾನೇನು ಅಂಗಡಿ ಇಡಬೇಕಾ?" ಅನ್ನುತ್ತಿದ್ದರು. ನನಗೀಗ ನಲವತ್ತೊಂದು, ಅವರಿಗೆ ಇನ್ನೂ ಪುಟ್ಟಿ. ಗೋಡೆ ಮೇಲಿರೋದು ಆ ಪ್ಯಾಚು.

ಇಷ್ಟು ಯಾಕೆ ಹೇಳಿದೆ ಅಂದರೆ, ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ, ನಾನು ತಲೆಗೆ ಟವೆಲ್ ಸುತ್ತಿಕೊಂಡು ಮೇಲ್ ತೆರೆದರೆ, ನನ್ನ ಮೂಲೆಗೆ ಒಂದು ಹೊಸ ಪ್ಯಾಚು ಬಂದು ಕೂತಿತ್ತು.

ಕಳಿಸಿದವಳು ಯಾವುದೋ ದೂರದೇಶದ ಹೆಣ್ಣುಮಗಳು. ಅವಳ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ, ಹಾಗಾಗಿ ನಮ್ಮ ಮನೆಗಳಲ್ಲಿ ಅವಳು ನದಿಯವಳು. ಕೆಲಸ ನದಿಯ ನೀರಿನ ಮಟ್ಟ ಅಳೆಯುವ ಕಚೇರಿಯಲ್ಲಿ. ನದಿಯುದ್ದಕ್ಕೂ ಮೂವತ್ತು ಪುಟ್ಟ ಯಂತ್ರಗಳು, ಒಂದೊಂದರ ಒಳಗೂ ಈ ಹಳೇ ಕಾರ್ಡು. ವಿದ್ಯುತ್ ಒಂದು ಕ್ಷಣ ಕುಸಿದರೆ ಸಾಕು, ಕೆಲವು ಸಲ ಯಂತ್ರ ಧೊಪ್ಪನೆ ಬಿದ್ದುಹೋಗುತ್ತದಂತೆ. ಆಮೇಲೆ ಇವಳೇ ಗಾಡಿ ತಗೊಂಡು ಹೋಗಿ, ದಂಡೆ ಇಳಿದು, ಅದನ್ನು ಆರಿಸಿ ಹಚ್ಚಬೇಕು. "ನೀರು ಏರುವ ದಿನಗಳಲ್ಲೇ ವಿದ್ಯುತ್ತೂ ಕುಸಿಯುತ್ತದೆ" ಅಂತ ಬರೆದಿದ್ದಳು. "ಅಳತೆ ಬೇಕಾದ ದಿನವೇ ಅಳತೆ ಸಿಗುವುದಿಲ್ಲ." ನಾಲ್ಕು ತಿಂಗಳು ಹುಡುಕಿ ಕಾರಣ ಕಂಡುಹಿಡಿದಿದ್ದಳು. ಪ್ಯಾಚು ಪುಟ್ಟದು. ಎರಡೇ ಸಾಲು.

ಅದರ ಕೆಳಗೆ, ಪದ್ಧತಿಯ ಪ್ರಕಾರ, 'ಫಿಕ್ಸಸ್' ಅಂತ ಒಂದು ಸಾಲು. ಈ ತಪ್ಪು ಯಾವ ಹಳೇ ಪ್ಯಾಚಿನಿಂದ ಹುಟ್ಟಿತು ಅಂತ ಅಲ್ಲಿ ಬರೆಯಬೇಕು. ಅಲ್ಲಿದ್ದ ಗುರುತಿನ ಸಂಖ್ಯೆ ನನಗೆ ಬಾಯಿಪಾಠ. ಒಂಬತ್ತು ವರ್ಷದಿಂದ ಆ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಓದಿದ್ದೇನಲ್ಲ.

ಮಾವನ ಪ್ಯಾಚು.

ಆ ಪ್ಯಾಚು ಮಾಡಿದ್ದು ಇಷ್ಟೇ: ತಂತಿ ಕಡಿದರೆ ಕಾರ್ಡು ಒಂದು ಅಲಾರಂ ಇಟ್ಟುಕೊಳ್ಳುತ್ತದೆ, ಎರಡು ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನ ಮಾಡುತ್ತದೆ. ಮೊದಲು ಅದೂ ಇರಲಿಲ್ಲ, ಒಂದು ಸಲ ಕಡಿದರೆ ಕಡಿದಂತೆಯೇ. ಆದರೆ ಆ ಎರಡು ಸೆಕೆಂಡಿನೊಳಗೆ ವಿದ್ಯುತ್ ಕುಸಿದು ಕಾರ್ಡೇ ಕಳಚಿಕೊಂಡರೆ? ಅಲಾರಂ ಹೊಡೆಯುತ್ತದೆ, ಕಾರ್ಡು ಇಲ್ಲ, ಇಲ್ಲದ ಜಾಗಕ್ಕೆ ಕೈಹಾಕಿ ಯಂತ್ರ ಮುಗ್ಗರಿಸುತ್ತದೆ. ನದಿಯವಳು ಹೇಳಿದ್ದು ನೂರಕ್ಕೆ ನೂರು ನಿಜ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಮೊದಲು ಬರೆಯಲು ಕೂತದ್ದು ಆ ಫಿಕ್ಸಸ್ ಸಾಲನ್ನು ತೆಗೆಸುವ ಉತ್ತರ. "ಇದರ ಅಗತ್ಯ ಕಾಣುವುದಿಲ್ಲ" ಅಂತ ಅರ್ಧ ಬರೆದೂ ಆಗಿತ್ತು. ಮೂಲೆ ನನ್ನದು, ನಾನು ಹೇಳಿದರೆ ಅವಳು ತೆಗೆಯುತ್ತಾಳೆ. ಎಪ್ಪತ್ತಾರು ವರ್ಷದ ಮನುಷ್ಯ, ಜಗತ್ತಿನಲ್ಲಿ ತನ್ನದು ಅಂತ ಇಟ್ಟುಕೊಂಡಿರೋದು ಒಂದು ಪ್ಯಾಚು. ಅದರ ಮೇಲೆ 'ಇದೇ ತಪ್ಪಿನ ಮೂಲ' ಅಂತ ಶಾಶ್ವತವಾಗಿ ಬೆರಳು ತೋರಿಸೋದಾ? ಆದರೆ ಆ ಸಾಲು ಬರೀ ಬೆರಳಲ್ಲ. ಹಳೇ ಕರ್ನೆಲ್ಲುಗಳನ್ನು ನೋಡಿಕೊಳ್ಳುವವರು ಆ ಸಾಲು ನೋಡಿಯೇ ತಿದ್ದುಪಡಿಯನ್ನು ಹಿಂದಕ್ಕೂ ಒಯ್ಯುತ್ತಾರೆ. ನದಿಯ ಯಂತ್ರಗಳಲ್ಲಿ ಇರೋದು ಹಳೇ ಕರ್ನೆಲ್ಲು. ಸಾಲು ಇಲ್ಲದಿದ್ದರೆ ಔಷಧಿ ರೋಗಿಯ ಮನೆ ಮುಟ್ಟೋದು ಅನುಮಾನ.

ಬರೆದದ್ದನ್ನು ಅಳಿಸಿದೆ. ಮಾವನಿಗೆ ನಾನೇ ಹೋಗಿ ಹೇಳಬೇಕು, ಬೇರೆಯವರ ಮೇಲ್ ನೋಡಿ ಗೊತ್ತಾಗಬಾರದು. ಹೇಳುವ ಮೊದಲು, ಅವರು ಎಲ್ಲಿ ಎಡವಿದರು ಅಂತ ಸರಿಯಾಗಿ ತಿಳಿದುಕೊಂಡು ಹೋಗೋಣ ಅಂತ ಪಟ್ಟಿಯ ಹಳೇ ಮೇಲ್‌ಗಳನ್ನು ತೆಗೆದೆ. ಅಲ್ಲಿ ಏನೂ ಕಳೆದುಹೋಗೋದಿಲ್ಲ. ಒಂಬತ್ತು ವರ್ಷದ ಹಿಂದಿನ ಆ ವಾರ ತೆರೆದರೆ ಮೊದಲು ಸಿಕ್ಕಿದ್ದು ನನ್ನದೇ ಉತ್ತರ. ನನ್ನ ಮೊಟ್ಟಮೊದಲ ರಿವ್ಯೂ. ಪದ್ಧತಿಯಂತೆ ಅವರ ಪ್ಯಾಚಿನಿಂದ ಒಂದೇ ಸಾಲು ಉಳಿಸಿಕೊಂಡು, ಮಿಕ್ಕಿದ್ದು ಕತ್ತರಿಸಿ, ಅದರ ಕೆಳಗೆ ನಾನು ಬರೆದಿದ್ದೆ:

"ಕಾರ್ಡನ್ನು ಹಿಡಿದುಕೊಳ್ಳುವ ಅಗತ್ಯವಿಲ್ಲ. ಕಾರ್ಡು ಹೋಗುವ ಮೊದಲು ಅಲಾರಂ ಅನ್ನು ಹೇಗೂ ರದ್ದು ಮಾಡುತ್ತೇವೆ. ಈ ಸಾಲನ್ನೂ ಇದರ ಜೊತೆಗಿರುವವನ್ನೂ ತೆಗೆಯಿರಿ."

ಅದರ ಕೆಳಗೆ ಮಾವನ ಎರಡು ಪದ: "ಸರಿ. ತೆಗೆದೆ."

ಅಂದರೆ ಮಾವ ಸರಿಯಾಗಿಯೇ ಬರೆದಿದ್ದರು. ನದಿಯವಳು ಇವತ್ತು ಹಾಕಿದ್ದು ಅವರು ಅವತ್ತು ಹಾಕಿದ್ದನ್ನೇ. ತೆಗೆಸಿದವಳು ನಾನು. ರದ್ದು ಮಾಡುತ್ತೇವೆ ಅಂತ ಎಷ್ಟು ಜೋರಾಗಿ ಹೇಳಿದ್ದೆ! ಹೊಡೆಯೋಕೆ ಶುರುವಾದ ಅಲಾರಂ ರದ್ದಾಗೋದಿಲ್ಲ ಅನ್ನೋದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ.

ಟವೆಲ್ ತಲೆಯಲ್ಲೇ ಇತ್ತು. ಅರ್ಧ ದಾರಿ ನಡೆದ ಮೇಲೆ ಗೊತ್ತಾಯಿತು.

*

ಅಂಗಡಿ ಮಹಡಿ ಮೆಟ್ಟಿಲಿನ ಕೆಳಗಿದೆ. ಎತ್ತರದವರು ತಲೆ ಬಗ್ಗಿಸಬೇಕು. ಮಾವ ಯಾರದೋ ರೇಡಿಯೊ ಬಿಚ್ಚಿಟ್ಟುಕೊಂಡು ಕೂತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ರಿಪೇರಿಗೆ ಬಂದ ಸಾಮಾನಿಗೆ ಗಿರಾಕಿಗಳ ಹೆಸರು ಚೀಟಿ ಅಂಟಿಸುತ್ತಿದ್ದರು.

"ಏನೇ, ಯಾರ ಮೇಲೆ ಯುದ್ಧಕ್ಕೆ ಹೊರಟಿದ್ದೀಯ? ಮುಖ ನೋಡು" ಅಂದರು ಅತ್ತೆ.

"ಮಾವನ ಮೇಲೆ."

"ಹಾಗಾದ್ರೆ ಕೂತ್ಕೋ. ನಲವತ್ತೆಂಟು ವರ್ಷದಿಂದ ನಡೀತಿದೆ, ಇನ್ನೊಂದು ಸ್ವಲ್ಪ ಹೊತ್ತು ನಡೀಲಿ. ಕಾಫಿ ತರ್ತೀನಿ."

ನಾನು ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟೆ. ಮಾವ ಕನ್ನಡಕ ಹಣೆಯಿಂದ ಇಳಿಸಿ ಓದಿದರು. ಫಿಕ್ಸಸ್ ಸಾಲಿಗೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಗೋಡೆಯ ಫ್ರೇಮನ್ನು ಒಂದು ಸಲ ನೋಡಿದರು, ಅಷ್ಟೆ.

"ಒಳ್ಳೇ ಹುಡುಗಿ. ಸರಿಯಾಗಿ ಹಿಡಿದಿದಾಳೆ" ಅಂದರು.

"ನೀವು ಅವತ್ತೇ ಹಿಡಿದಿದ್ರಿ ಮಾವ! ನಾನು ತೆಗೆಸಿದೆ. ಈಗಷ್ಟೇ ನೋಡಿದೆ."

"ಹ್ಞೂಂ."

"ಹ್ಞೂಂ ಅಂದ್ರೆ? ನಿಮಗೆ ನೆನಪಿದೆಯಾ?"

ಮಾವ ರೇಡಿಯೊದ ಬೆನ್ನು ಮುಚ್ಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದರು. "ಏಣಿ ಬಗ್ಗೆ ನಿನಗೆ ಹೇಳಿದ್ದೆನಲ್ಲ."

ಹೇಳಿದ್ದರು. ಕರ್ನೆಲ್ಲಿನಲ್ಲಿ ಒಂದು ಕಟ್ಟುಪಾಡು ಇದೆ: ಒಂದು ವಸ್ತುವನ್ನು ಬಳಸುವ ಮೊದಲು 'ಹಿಡಿದಿದ್ದೇನೆ' ಅನ್ನಬೇಕು, ಮುಗಿದ ಮೇಲೆ 'ಬಿಟ್ಟೆ' ಅನ್ನಬೇಕು. ಹಿಡಿದವರು ಒಬ್ಬರಾದರೂ ಇರುವವರೆಗೆ ಆ ವಸ್ತುವನ್ನು ಎಸೆಯೋದಿಲ್ಲ. ನಾನು ಪುಸ್ತಕದಲ್ಲಿ ಮೂರು ಸಲ ಓದಿದರೂ ತಲೆಗೆ ಹತ್ತದ್ದನ್ನು ಮಾವ ಒಂದೇ ಮಾತಲ್ಲಿ ಮುಗಿಸಿದ್ದರು. 'ಇದು ಏಣಿ ಕಣೇ. ಮೇಲೆ ಹತ್ತಿದವನು ಇಳಿದೆ ಅನ್ನೋವರೆಗೆ ಕೆಳಗಿನವನು ಬಿಡಬಾರದು.'

"ಮೂವತ್ತೆರಡು ವರ್ಷ ಯಾರ ಏಣೀನೂ ಬಿಟ್ಟೋನಲ್ಲ ನಾನು" ಅಂದರು ಮಾವ. "ಅವತ್ತು ನೀನು ತೆಗೀರಿ ಅಂದೆ. ನನಗೆ ಮನಸ್ಸು ಒಪ್ಪಲಿಲ್ಲ."

"ಹಾಗಿದ್ರೆ ಹೇಳ್ಬೇಕಿತ್ತಲ್ಲ! ಪಟ್ಟಿ ಇರೋದೇ ಅದಕ್ಕೆ. ಅಲ್ಲಿ ಯಾರು ಯಾರಿಗೆ ಬೇಕಾದ್ರೂ ಇಲ್ಲ ಅನ್ನಬಹುದು."

"ನಿನ್ನ ಮೊದಲನೇ ರಿವ್ಯೂ ಪುಟ್ಟಿ. ಜಗತ್ತೆಲ್ಲ ಓದ್ತಿದೆ. ನಾನು ಎದ್ದು ನಿಂತು, ಅಕ್ಕನ ಮಗಳಿಗೆ ಏನೂ ಗೊತ್ತಿಲ್ಲ ಅನ್ನಲಾ?"

"ಫೋನ್ ಮಾಡಬಹುದಿತ್ತು."

"ಮಾಡಿದ್ದೆ."

ನಾನು ಸ್ಟೂಲು ಎಳೆದುಕೊಂಡು ಅವರೆದುರು ಕೂತೆ.

"ಮಾಡಿದ್ದೆ ಕಣೇ. ಎತ್ತಿದ ತಕ್ಷಣ ನೀನು 'ಮಾವ, ಮಾವ, ನನ್ನ ಹೆಸರು ಹಾಕ್ತಾರಂತೆ, ನಾನು ಓದಿದ್ದು ಅಂತ ಹಾಕ್ತಾರಂತೆ' ಅಂತ ಕುಣೀತಿದ್ದೆ. ನಿಮ್ಮಮ್ಮ ಹಿಂದಿನಿಂದ ನಗ್ತಿದ್ಲು. ನಾನು ಏನ್ ಹೇಳಲಿ? ಸರಿ ಅಂದೆ, ಇಟ್ಟೆ."

ಅತ್ತೆ ಕಾಫಿ ಲೋಟ ಇಡುತ್ತಾ, "ಇಟ್ಟ ಮೇಲೆ ಮೂರು ದಿನ ನಿದ್ದೆ ಇಲ್ಲ ಇವರಿಗೆ. ಮಗ್ಗುಲು ಬದಲಾಯಿಸೋದು, ನಿಟ್ಟುಸಿರು ಬಿಡೋದು. ಯಾವಳನ್ನೋ ಪ್ರೀತಿಸಿದಾರೆ ಅಂದ್ಕೊಂಡೆ" ಅಂದರು.

"ನೀನು ಸುಮ್ನಿರೇ."

"ನಾನು ಸುಮ್ನಿದ್ದೇನೆ. ಸುಮ್ನಿರಬಾರದಾಗಿದ್ದು ನೀವು."

ನನಗೆ ಅಳುವೂ ಬಂತು, ಕೋಪವೂ ಬಂತು. ಕೋಪ ಮೊದಲು ಬಾಯಿಗೆ ಬಂತು. "ಆ ಹುಡುಗಿ ಒಂದೊಂದು ಸಲವೂ ದಂಡೆ ಇಳಿದು ಹೋಗ್ತಾಳೆ ಮಾವ. ನೀರು ಏರ್ತಿರುವಾಗ. ನನ್ನ ಮುಖ ನೋಡಿ ನೀವು ಸುಮ್ನಾದ್ರಿ, ಅವಳ ಮುಖ ನೀವು ನೋಡಿರಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಪ್ಪು ಮಾಡಿದವಳು ನಾನು, ಬೈಸಿಕೊಳ್ಳುತ್ತಿರೋದು ಅವರು. ಮಾವ ತಮ್ಮ ಅಂಗೈ ನೋಡಿಕೊಂಡರು. ಏಣಿ ಹಿಡಿದ ಜಡ್ಡು ಇನ್ನೂ ಹೋಗದ ಅಂಗೈ.

"ನಿಜ" ಅಂದರು. "ಅದನ್ನ ನಾನು ಯೋಚಿಸಲಿಲ್ಲ."

ಕಾಫಿ ಲೋಟ ಅತ್ತ ಸರಿಸಿ ನಾನೇ, "ಹೋಗ್ಲಿ ಬಿಡಿ. ಪ್ಯಾಚು ಸರಿಯಾಗಿದೆ. ನಾನು ಹೆಸರು ಹಾಕಿ ಕಳಿಸ್ತೀನಿ. ಅವಳ ವಿವರಣೆಯಲ್ಲಿ ಒಂದು ಮಾತು ಸೇರಿಸೋಕೆ ಹೇಳ್ತೀನಿ, ಮೊದಲ ಪ್ಯಾಚಿನಲ್ಲಿ ಇದು ಸರಿಯಾಗೇ ಇತ್ತು, ರಿವ್ಯೂ ಮಾಡಿದವಳು ತೆಗೆಸಿದಳು ಅಂತ" ಅಂದೆ. ಅಲ್ಲೇ ಕೂತು ಉತ್ತರ ಬರೆದೂಬಿಟ್ಟೆ. ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ.

"ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ್ಯಾ?"

"ಎರಡು ಸಾಲು ಮಾವ! ಕಣ್ಣಲ್ಲೇ ಕಾಣುತ್ತೆ. ಅಲಾರಂ ಇಡುವಾಗ ಹಿಡೀತಾಳೆ, ಅಲಾರಂ ಹೊಡೆದು ಕೆಲಸ ಮುಗಿದಾಗ ಬಿಡ್ತಾಳೆ."

"ಅವತ್ತೂ ನಿನಗೆ ಕಣ್ಣಲ್ಲೇ ಕಂಡಿತ್ತು" ಅಂದರು ಮಾವ, ಮೆತ್ತಗೆ.

ಮಾವನ ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರು ಇದೆ. ಅದರೊಳಗೆ ಅದೇ ಜಾತಿಯ ಕಾರ್ಡು. ಧೂಳು ಒರೆಸಿ ಹಚ್ಚಿದೆವು. ಹೊಸ ಪ್ಯಾಚು ಹಾಕಿ ಕರ್ನೆಲ್ಲನ್ನು ಮತ್ತೆ ಕಟ್ಟೋಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅತ್ತೆ ಇಬ್ಬರು ಗಿರಾಕಿಗಳನ್ನು "ಇವತ್ತು ಆಪರೇಷನ್ ನಡೀತಿದೆ, ನಾಳೆ ಬನ್ನಿ" ಅಂತ ವಾಪಸ್ ಕಳಿಸಿದರು. ಕಂಪ್ಯೂಟರು ಎದ್ದಿತು. ಮಾವ ಬಗ್ಗಿ ತಂತಿ ಎಳೆದರು. ನಾನು ಎರಡು ಸೆಕೆಂಡು ಆಗುವ ಮುಂಚೆಯೇ ಕಾರ್ಡನ್ನು ಇಳಿಸುವ ಆಜ್ಞೆ ಒತ್ತಿದೆ.

ಕಂಪ್ಯೂಟರು ಮುಗ್ಗರಿಸಲಿಲ್ಲ. "ನೋಡಿದ್ರಾ?" ಅಂದೆ.

"ಇರು."

ಹತ್ತು ಸೆಕೆಂಡಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಇಂಗ್ಲಿಷಿನಲ್ಲಿ ಅದು ಹೇಳಿದ್ದು ಇಷ್ಟು: ಕಾರ್ಡು ಬಿಡುವಾಗಲಿ ಅಂತ ಕಾಯುತ್ತಿದ್ದೇನೆ. ಹಿಡಿದಿರುವವರು: ಒಬ್ಬರು.

ಮತ್ತೆ ಹತ್ತು ಸೆಕೆಂಡು. ಅದೇ ಸಾಲು. ಮತ್ತೆ ಅದೇ.

"ಯಾರದು ಅದು ಒಬ್ಬರು?" ಅಂತ ಅತ್ತೆ ಇಣುಕಿ ಕೇಳಿದರು.

ಮಾವ ಉತ್ತರ ಹೇಳದೆ ಎದ್ದು, ಮೇಲಿನ ಹಲಗೆಯಿಂದ ಒಂದು ನೀಲಿ ರಟ್ಟಿನ ನೋಟ್‌ಬುಕ್ ತೆಗೆದರು. ಕಂಪ್ಯೂಟರಿನಲ್ಲಿ ಟೈಪು ಮಾಡುವ ಮೊದಲು ಎಲ್ಲವನ್ನೂ ಕೈಯಲ್ಲಿ ಬರೆಯೋದು ಅವರ ರೂಢಿ. ಒಂದು ಪುಟ ತೆರೆದು ನನ್ನ ಮುಂದಿಟ್ಟರು. ಒಂಬತ್ತು ವರ್ಷದ ಹಿಂದಿನ ಪೆನ್ಸಿಲ್ಲು, ಮೊದಲ ಪ್ಯಾಚು. ಅದರಲ್ಲಿ ಮೂರು ಸಾಲುಗಳ ಮೇಲೆ ಗೀಟು ಎಳೆದಿತ್ತು. ಗೀಟು ತೆಳ್ಳಗಿತ್ತು, ಓದಲು ಬರುವಷ್ಟು.

ಮೂರು. ಎರಡಲ್ಲ.

"ಮೂರನೇದು ಎಲ್ಲಿ ಬರುತ್ತೆ ನೋಡು" ಅಂದರು. "ಅಲಾರಂ ಹೊಡೆದ್ರೆ ಅದೇ ಬಿಡುತ್ತೆ, ಸರಿ. ಆದ್ರೆ ಹೊಡೆಯೋ ಮೊದಲೇ ನೀನು ರದ್ದು ಮಾಡಿದ್ರೆ? ಬಿಡೋರು ಯಾರು? ಹತ್ತಬೇಕಾದವನು ಹತ್ತಲೇ ಇಲ್ಲ, ಹಾಗೇ ಮನೆಗೆ ಹೋದ. ಏಣಿ ಹಿಡಿದವನಿಗೆ ಯಾರೂ ಹೇಳಲಿಲ್ಲ. ಪಾಪ, ಇನ್ನೂ ನಿಂತೇ ಇದಾನೆ."

ಪರದೆ ಮತ್ತೆ ಹೇಳಿತು: ಹಿಡಿದಿರುವವರು, ಒಬ್ಬರು.

"ಹೇಳ್ಬಿಡ್ರೀ ಅವನಿಗೆ" ಅಂದರು ಅತ್ತೆ. "ನೋಡೋಕಾಗಲ್ಲ."

ನಾನು ನಕ್ಕೆ, ನಗುತ್ತಲೇ ಕಣ್ಣು ತುಂಬಿಕೊಂಡಿತು. ನಾನು ಒತ್ತಿಬಿಟ್ಟಿದ್ದರೆ ನದಿಯ ಯಂತ್ರಗಳು ಬೀಳುವ ಬದಲು ನಿಂತಲ್ಲೇ ನಿಂತುಬಿಡುತ್ತಿದ್ದವು, ಅವಳು ಮತ್ತೆ ದಂಡೆ ಇಳಿಯಬೇಕಾಗಿತ್ತು, ಈ ಸಲವೂ ಪ್ಯಾಚಿನ ಕೆಳಗೆ ನನ್ನ ಹೆಸರಿನೊಂದಿಗೆ. "ನಾನು ಬರೀತೀನಿ, ಮೂರನೇ ಸಾಲು ಬೇಕು ಅಂತ" ಅಂತ ಲ್ಯಾಪ್‌ಟಾಪ್ ಎಳೆದುಕೊಂಡೆ.

ಮಾವ ಅದರ ಮೇಲೆ ಕೈ ಇಟ್ಟರು. "ನೀನು ಮೊದಲು ನಿನ್ನ ಉತ್ತರ ಕಳಿಸು. ಸರಿಯಾಗಿದೆ ಅಂತ ಬರೆದಿದ್ದೀಯಲ್ಲ, ಅದನ್ನೇ."

"ಯಾಕೆ? ತಪ್ಪು ಅಂತ ಗೊತ್ತಾದ ಮೇಲೂ?"

"ಅಲ್ಲೇ, ನಿನ್ನ ಮಾತಿಗೆ ಇಲ್ಲ ಅನ್ನೋದು ನನಗೆ ಒಂಬತ್ತು ವರ್ಷದಿಂದ ಬಾಕಿ ಇದೆ."

ಹಾಗೆಲ್ಲ ಆಟ ಆಡೋಕಾಗುತ್ತಾ, ಜನ ನಂಬುವ ಪಟ್ಟಿ ಅದು. ಕೊನೆಗೆ ಒಂದು ರಾಜಿ ಆಯಿತು. ನಾನು ನಡೆದದ್ದನ್ನೇ ಬರೆದೆ: ಓದಿದಾಗ ನನಗೆ ಸರಿ ಅನ್ನಿಸಿತು, ಒಂಬತ್ತು ವರ್ಷದ ಹಿಂದೆ ಹಿಡಿಯುವ ಸಾಲುಗಳನ್ನು ತೆಗೆಸಿದವಳು ನಾನೇ, ತಪ್ಪು ನನ್ನದು, ಈಗ ಓಡಿಸಿ ನೋಡಿದವರು ನನ್ನನ್ನು ಒಪ್ಪುವುದಿಲ್ಲ, ಅವರೇ ಬರೆಯುತ್ತಾರೆ. ಕಳಿಸಿ, ಆರಿದ ಕಾಫಿಯನ್ನೇ ಕುಡಿದೆ.

ಆಮೇಲೆ ಮಾವ ಕೂತರು. ಎರಡೇ ಬೆರಳು, ಮುರುಕು ಇಂಗ್ಲಿಷು, ಒಂದೊಂದು ಅಕ್ಷರ ಹುಡುಕಿ ಹುಡುಕಿ. ನಾನು ತಿದ್ದಲು ಹೋದರೆ ಕೈಮೇಲೆ ಹೊಡೆದರು. ಅವರು ಬರೆದದ್ದು: "ರಿವ್ಯೂ ಮಾಡಿದವರು ತಪ್ಪು. ನನ್ನ ಯಂತ್ರದಲ್ಲಿ ಒಬ್ಬ ಇನ್ನೂ ಹಿಡಿದು ನಿಂತಿದ್ದಾನೆ. ಅವನನ್ನು ಬಿಡಿಸಲು ಒಂದು ಸಾಲು ಕೆಳಗಿದೆ. ಇದು ಹೊಸದಲ್ಲ. ನಾನು ಆಗಲೇ ಬರೆದಿದ್ದೆ, ಆಗಲೇ ಹೇಳಬೇಕಿತ್ತು. ನೀವು ನೀರಿಗೆ ಇಳಿದದ್ದಕ್ಕೆ ಕ್ಷಮಿಸಿ."

ಕಳಿಸಿ, ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡರು.

ನಾನು ಫ್ರೇಮಿನ ಹತ್ತಿರ ಹೋಗಿ ನಿಂತೆ. "ಇದನ್ನ ತೆಗೆದುಬಿಡೋಣ್ವಾ ಮಾವ? ಇನ್ಮೇಲೆ ಯಾರಾದ್ರೂ ಹುಡುಕಿದ್ರೆ ಇದೇ ತಪ್ಪು ಅಂತ ಬರುತ್ತೆ. ನಿಮಗೆ ಬೇಜಾರಾಗಲ್ವಾ?"

"ಅದಕ್ಕೆ ಫ್ರೇಮು ಹಾಕಿಸಿದ್ದು ನನ್ನ ಹೆಸರಿಗೆ ಅಂದ್ಕೊಂಡಿದ್ಯಾ?" ಅಂದರು.

ಅತ್ತೆ ಬಂದು ಗಾಜಿನ ಕೆಳತುದಿಗೆ ಬೆರಳಿಟ್ಟು ತೋರಿಸಿದರು. ಅಷ್ಟು ವರ್ಷ ನೋಡಿದ್ದೆ, ಆ ಸಾಲಿಗೆ ನಾನು ಗಮನ ಕೊಟ್ಟಿರಲಿಲ್ಲ. ರಿವ್ಯೂಡ್-ಬೈ, ಅದರ ಮುಂದೆ ನನ್ನ ಹೆಸರು. ಅಲ್ಲಿ ಗಾಜು ಉಳಿದ ಕಡೆಗಿಂತ ಸ್ವಚ್ಛವಾಗಿತ್ತು.

"ದಿನಾ ಒರೆಸ್ತಾರೆ" ಅಂದರು ಅತ್ತೆ. "ಮನೆ ಕಿಟಕಿ ಒರೆಸಿ ಅಂದ್ರೆ ಬೆನ್ನು ನೋವು."

*

ನದಿಯವಳು ಮರುದಿನವೇ ಉತ್ತರಿಸಿದಳು. ಮೂರು ಸಾಲಿನ ಹೊಸ ಪ್ಯಾಚು. ವಿವರಣೆಯಲ್ಲಿ ಮಾವನ ಮೊದಲ ಪ್ಯಾಚು ಸರಿಯಾಗಿತ್ತು ಅನ್ನುವ ಮಾತು, ಕೆಳಗೆ ಮೂರನೇ ಸಾಲು ಸೂಚಿಸಿದವರು ಅಂತ ಅವರ ಹೆಸರು, ಓಡಿಸಿ ನೋಡಿದವರು ಅಂತ ಇನ್ನೊಂದು ಸಲ ಅವರ ಹೆಸರು. ಫಿಕ್ಸಸ್ ಸಾಲು ಇದ್ದಲ್ಲೇ ಇತ್ತು. ಮಾವನಿಗೆ ಬೇರೆಯಾಗಿ ಒಂದು ಟಿಪ್ಪಣಿ: "ಕ್ಷಮೆ ಬೇಡ. ನನಗೆ ನೀರು ಇಷ್ಟ. ಆದರೆ ಇನ್ನು ಮೇಲೆ ಇಷ್ಟ ಬಂದಾಗ ಮಾತ್ರ ಹೋಗುತ್ತೇನೆ." ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡು, "ಇವಳು ನಮ್ಮವಳೇ" ಅಂದರು.

ಹಳೇ ಕಂಪ್ಯೂಟರಿನಲ್ಲಿ ಹೊಸ ಪ್ಯಾಚು ಹಾಕಿ ತಂತಿ ಎಳೆದೆವು, ಕಾರ್ಡು ಇಳಿಸಿದೆವು. ಹತ್ತು ಸೆಕೆಂಡು ಮೂವರೂ ಬಗ್ಗಿ ನೋಡಿದೆವು. ಪರದೆ ಏನೂ ಹೇಳಲಿಲ್ಲ. ಮಾವ ಮಾತ್ರ, ಯಾರಿಗೋ ಕೂಗಿ ಹೇಳುವವರಂತೆ, "ಇಳಿದ" ಅಂದರು. ನಾನು ಕೊನೆಯ ಸಾಲಿನಲ್ಲಿ ಹೆಸರು ಹಾಕಿದೆ.

ಎರಡು ವಾರದ ಮೇಲೆ ನಾನೇ ಒಂದು ಸಣ್ಣ ಪ್ಯಾಚು ಪಟ್ಟಿಗೆ ಕಳಿಸಿದೆ. ಏನಿಲ್ಲ, ಸ್ವಲ್ಪ ಗುಡಿಸಿ ಸಾರಿಸುವ ಕೆಲಸ, ಹನ್ನೆರಡು ಸಾಲು. ಒಂದು ಗಂಟೆಯೂ ಆಗಿರಲಿಲ್ಲ, ಉತ್ತರ ಬಂತು. ಇಡೀ ಪ್ಯಾಚಿನಿಂದ ಒಂದೇ ಸಾಲು ಉಳಿಸಿ, ಕೆಳಗೆ ಮುರುಕು ಇಂಗ್ಲಿಷಿನಲ್ಲಿ: "ಇಲ್ಲ. ಒಂಬತ್ತನೇ ಸಾಲು ಯಾಕೆ? ಒಪ್ಪುವುದಿಲ್ಲ."

ಜಗತ್ತೆಲ್ಲ ಓದುವ ಪಟ್ಟಿಯಲ್ಲಿ! ಗ್ರಂಥಾಲಯದ ಕೌಂಟರಿನಲ್ಲಿ ಕೂತು ನಾನು ಜೋರಾಗಿ ನಕ್ಕುಬಿಟ್ಟೆ, ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಹೊರಗೆ ಬಂದು ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಮಾವನಿಗೆ ಕೊಡಿ."

"ಈಗಾಗಲ್ಲ ಕಣೇ" ಅಂದರು ಅತ್ತೆ. "ನಿನ್ನ ಹತ್ತನೇ ಸಾಲು ನೋಡ್ತಿದಾರೆ."